ತಿಂತಾ ಇದೆ ಅಂದ್ರೆ ಚೆನ್ನಾಗಿದೆ ಅಂತ ಅಲ್ಲ: ಎಕ್ಸಾಟಿಕ್ ಪೆಟ್ಸ್ ಬಗ್ಗೆ ಒಬ್ಬ ವೆಟರ್ನರಿ ಸ್ಟೂಡೆಂಟ್‌ಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಾನು ಶಿವಮೊಗ್ಗದಲ್ಲಿ ಬಿವಿಎಸ್ಸಿ ಮೂರನೇ ವರ್ಷ ಓದ್ತಿದೀನಿ. ಮೊನ್ನೆ ಕ್ಲಾಸಲ್ಲಿ ಎಕ್ಸಾಟಿಕ್ ಪೆಟ್ಸ್, ಅಂದ್ರೆ ನಾಯಿ ಬೆಕ್ಕು ಬಿಟ್ಟು ಮನೇಲಿ ಸಾಕೋ ಬೇರೆ ಥರದ ಪ್ರಾಣಿಗಳ ವಿಷಯಕ್ಕೆ ದೊಡ್ಡ ವಾದನೇ ಆಯ್ತು. ಅರ್ಧ ಜನ ಇಗ್ವಾನಾ (ದೊಡ್ಡ ಹಲ್ಲಿ), ಹಾವು, ಶುಗರ್ ಗ್ಲೈಡರ್ (ಅಳಿಲಿನ ಥರ ಕಾಣೋ ಪುಟ್ಟ ಪ್ರಾಣಿ) ಎಲ್ಲಾ ಬ್ಯಾನ್ ಮಾಡ್ಬೇಕು ಅಂತಾರೆ, ಇನ್ನರ್ಧ ಜನ ಚೆನ್ನಾಗಿ ತಿಂದ್ಕೊಂಡು ಇದ್ರೆ ಅದಕ್ಕೇನು ಕಷ್ಟ ಅಂತಾರೆ. ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋದ್ರೆ ಇವೆಲ್ಲ ಟೇಬಲ್ ಮೇಲೆ ಬರುತ್ವೆ ಅಂತ ಸೀನಿಯರ್ಸ್ ಹೇಳ್ತಾರೆ, ನಮಗೆ ಗೊತ್ತಿರೋದು ಹಸು, ಎಮ್ಮೆ, ಕುರಿ, ನಾಯಿ. ಇಂಥ ಪ್ರಾಣಿ ನೆಮ್ಮದಿಯಾಗಿದೆಯಾ ಇಲ್ವಾ ಅಂತ ಹೇಗೆ ಹೇಳೋದು? ಪೇಪರ್ಸ್ ಇಲ್ಲದ ಪ್ರಾಣಿ ತಂದ್ರೆ ಟ್ರೀಟ್ ಮಾಡ್ಬೋದಾ? ನಮಗೆ ಗೊತ್ತಿರೋದು ಸಾಕಾ?

ಉತ್ತರ: ಕ್ಲಾಸಲ್ಲಿ ವಾದ ಆಗಿದ್ದು ಒಳ್ಳೇದೇ ಆಯ್ತು ಬಿಡಿ, ನಮ್ಮ ಕಾಲದಲ್ಲಿ ಈ ವಿಷಯ ಯಾರೂ ಎತ್ತುತ್ತಲೇ ಇರ್ಲಿಲ್ಲ. ಆದ್ರೆ ಬ್ಯಾನ್ ಬೇಕಾ ಬೇಡ್ವಾ ಅನ್ನೋದಕ್ಕಿಂತ ಮುಂಚೆ ಕೇಳ್ಬೇಕಾಗಿದ್ದ ಪ್ರಶ್ನೆ ಒಂದಿದೆ. ಆ ಪ್ರಾಣಿ ಆರಾಮಾಗಿದ್ದಾಗ ಹೇಗಿರತ್ತೆ ಅಂತ ಆ ರೂಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಹಸು ಮೆಲುಕು ಹಾಕದೆ ಕಿವಿ ಜೋತು ಹಾಕ್ಕೊಂಡು ನಿಂತಿದ್ರೆ ನೀವು ಕೊಟ್ಟಿಗೆ ಬಾಗಿಲಲ್ಲೇ ಏನೋ ಸರಿ ಇಲ್ಲ ಅಂತೀರ, ಥರ್ಮಾಮೀಟರ್ ಆಮೇಲೆ. ಅದೇ ಒಂದು ಬಾಲ್ ಪೈಥಾನ್ ಮೂಲೆಯಲ್ಲಿ ಸುತ್ತಿಕೊಂಡು ಮಲಗಿದ್ರೆ? ಅದು ನಿದ್ದೆನಾ, ಭಯನಾ, ಚಳಿಯಾಗಿ ಮುದುಡಿರೋದಾ ಅಂತ ಹೇಳೋಕಾಗಲ್ಲ. ನಮ್ಮ ಕ್ಲಿನಿಕ್‌ಗೆ ಬರೋ ಇಂಟರ್ನ್‌ಗಳಲ್ಲಿ ನಾನು ವರ್ಷವರ್ಷ ನೋಡ್ತಿರೋದು ಇದೇ, ಪ್ರಾಣಿ ಮೇಲೆ ಕರುಣೆ ಯಾರಿಗೂ ಕಮ್ಮಿ ಇಲ್ಲ, ಕಮ್ಮಿ ಇರೋದು ನಾರ್ಮಲ್ ಏನು ಅನ್ನೋದರ ಅರಿವು. ನಾರ್ಮಲ್ ಗೊತ್ತಿಲ್ಲದೆ ವೆಲ್ಫೇರ್, ಅಂದ್ರೆ ಪ್ರಾಣಿಯ ನೆಮ್ಮದಿ ಬಗ್ಗೆ ಅಭಿಪ್ರಾಯ ಇಟ್ಕೊಂಡ್ರೆ ಅದು ಬರೀ ಅಭಿಪ್ರಾಯ ಅಷ್ಟೇ.

ಇನ್ನೊಂದು ವಿಷಯ ಗಮನಿಸಿದೀನಿ. ನಮ್ಮ ಹುಡುಗರು ಹುಡುಗಿಯರ ಕರುಣೆಗೂ ಒಂದು ಏಣಿ ಇದೆ, ಪ್ರಾಣಿ ನಾಯಿ ಥರ ಎಷ್ಟು ಕಾಣತ್ತೋ ಅಷ್ಟು ಮೇಲಿನ ಮೆಟ್ಟಿಲು. ಆಫ್ರಿಕನ್ ಗ್ರೇ ಗಿಳಿ ಮೈಮೇಲಿನ ಪುಕ್ಕ ತಾನೇ ಕಿತ್ಕೊಂಡು ಬಂದ್ರೆ ಎಲ್ಲರ ಕರುಳೂ ಚುರುಕ್ ಅನ್ನತ್ತೆ, ಮೊಲ ಅಂದ್ರೂ ಪರವಾಗಿಲ್ಲ, ಆಮೆ ಹತ್ರ ಬರೋ ಹೊತ್ತಿಗೆ ಅರ್ಧ ಆಸಕ್ತಿ ಹೋಗಿರತ್ತೆ, ಹಲ್ಲಿ ಹಾವಿಗೆ ಬಂದ್ರೆ ಅದಕ್ಕೇನ್ ಗೊತ್ತಾಗತ್ತೆ ಸರ್ ಅನ್ನೋ ಮಾತು ಶುರು. ಸರೀಸೃಪಕ್ಕೆ ಮುಖದಲ್ಲಿ ನೋವು ತೋರಿಸೋ ಹಾಗೆ ಹುಬ್ಬು ಗಂಟಿಕ್ಕೋಕೆ ಬರಲ್ಲ, ಕೂಗೋಕೂ ಬರಲ್ಲ, ಅಂದ ಮಾತ್ರಕ್ಕೆ ನೋವೇ ಇಲ್ಲ ಅಂತ ಆಗತ್ತಾ? ಮೊಲಕ್ಕಾದ್ರೆ 2012ರಲ್ಲೇ ಗ್ರಿಮೇಸ್ ಸ್ಕೇಲ್ ಬಂದಿದೆ, ಕಣ್ಣು ಎಷ್ಟು ಮುಚ್ಚಿದೆ, ಕೆನ್ನೆ ಎಷ್ಟು ಚಪ್ಪಟೆ ಆಗಿದೆ, ಮೂಗಿನ ಆಕಾರ, ಮೀಸೆ, ಕಿವಿ ಹೇಗಿದೆ ಅಂತ ನೋಡಿ ನೋವಿಗೆ ಅಂಕ ಹಾಕೋದು. ಇಗ್ವಾನಾ ವಿಷಯದಲ್ಲಿ ಮುಖ ನೋಡಿ ಪ್ರಯೋಜನ ಇಲ್ಲ, ಅದು ಏನು ಮಾಡ್ತಿದೆ ಏನು ಮಾಡ್ತಿಲ್ಲ ಅಂತ ನೋಡ್ಬೇಕು.

ಕಾಲೇಜಲ್ಲಿ ಓದ್ತಾ ಓದ್ತಾ ಈ ಕರುಣೆ ಜಾಸ್ತಿ ಆಗತ್ತೆ ಅಂತನೂ ಅಂದ್ಕೋಬೇಡಿ. 2000ದಲ್ಲಿ ಬ್ರಿಟನ್ನಿನ ವೆಟರ್ನರಿ ವಿದ್ಯಾರ್ಥಿಗಳ ಮೇಲೆ ಮಾಡಿದ್ದ ಒಂದು ಅಧ್ಯಯನ ಪ್ರಕಟ ಆಯ್ತು, ಅದರಲ್ಲಿ ನಾಯಿ, ಬೆಕ್ಕು, ಹಸುಗಳಿಗೆ ಹಸಿವು, ನೋವು, ಭಯ, ಬೇಜಾರು ಎಷ್ಟರ ಮಟ್ಟಿಗೆ ಗೊತ್ತಾಗತ್ತೆ ಅಂತ ಕೇಳಿದ್ರೆ ಮೊದಲ ವರ್ಷಗಳವರಿಗಿಂತ ಕೊನೆ ವರ್ಷಗಳವರು ಕಮ್ಮಿ ಅಂಕ ಕೊಟ್ಟಿದ್ರು. ದಿನಾ ಮುಟ್ಟಿ ನೋಡೋ ನಾಯಿ ಹಸು ವಿಷಯದಲ್ಲೇ ಹೀಗಾದ್ರೆ, ಐದೂವರೆ ವರ್ಷದಲ್ಲಿ ಒಂದು ಸಲನೂ ಕೈಗೆ ಸಿಗದ ಹಲ್ಲಿ ವಿಷಯ ಕೇಳ್ಬೇಕಾ. ಆದ್ದರಿಂದ ನಿಮಗೆ ಮೂರನೇ ವರ್ಷದಲ್ಲೇ ಈ ಪ್ರಶ್ನೆ ಬಂದಿದೆಯಲ್ಲ, ಅದನ್ನ ಹಾಗೇ ಇಟ್ಕೊಳಿ.

ಈಗ ಈ "ಚೆನ್ನಾಗಿ ತಿಂತಾ ಇದೆ" ಅನ್ನೋ ವಾದಕ್ಕೆ ಬರೋಣ, ಯಾಕಂದ್ರೆ ಓನರ್ಸ್ ಬಾಯಲ್ಲೂ ಇದೇ, ಸ್ಟೂಡೆಂಟ್ಸ್ ಬಾಯಲ್ಲೂ ಇದೇ. ಇಲ್ಲಿ ತೀರಾ ಮಾಮೂಲಿಯಾಗಿ ಬರೋ ಕೇಸ್ ಅಂದ್ರೆ ಗ್ರೀನ್ ಇಗ್ವಾನಾ, ಒಂದೂವರೆ ಎರಡು ವರ್ಷದ್ದು. ಶೂ ಬಾಕ್ಸಲ್ಲೋ ಬೆಕ್ಕಿನ ಬುಟ್ಟಿಯಲ್ಲೋ ತರ್ತಾರೆ. ಎರಡು ದಿನದಿಂದ ಯಾಕೋ ಸ್ವಲ್ಪ ಡಲ್ ಡಾಕ್ಟ್ರೇ, ಆದ್ರೆ ಒಳ್ಳೆ ಆರೋಗ್ಯ ಇದೆ ನೋಡಿ ಹೇಗೆ ತೊಡೆ ಬಂದಿದೆ ಅಂತ ಹೆಮ್ಮೆಯಿಂದ ತೋರಿಸ್ತಾರೆ. ಪಕ್ಕದಲ್ಲಿರೋ ಇಂಟರ್ನ್ ಕೇಸ್ ಶೀಟಲ್ಲಿ ಬಾಡಿ ಕಂಡೀಷನ್ ಗುಡ್ ಅಂತ ಬರೀತಾರೆ. ಆ ತೊಡೆ ಒತ್ತಿ ನೋಡಿದ್ರೆ ಕಲ್ಲಿನ ಥರ ಗಟ್ಟಿ, ಮಾಂಸ ಅಲ್ಲ ಅದು. ಕೆಳದವಡೆನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಮುಕಿದ್ರೆ ರಬ್ಬರ್ ಹಾಗೆ ಬಾಗತ್ತೆ. ಎಕ್ಸ್‌ರೇ ತೆಗೆದ್ರೆ ಮೂಳೆ ಎಲ್ಲಿ ಮುಗೀತು ಮಾಂಸ ಎಲ್ಲಿ ಶುರು ಆಯ್ತು ಅಂತ ಗೆರೆನೇ ಕಾಣಲ್ಲ. ಮೂಳೆಯಿಂದ ಕ್ಯಾಲ್ಸಿಯಂ ಸೋರಿ ಹೋಗಿ, ಆ ಮೆತ್ತಗಾದ ಮೂಳೆಗೆ ಆಸರೆ ಕೊಡೋಕೆ ಅಂತ ದೇಹ ಸುತ್ತಲೂ ನಾರು ಕಟ್ಟಿರತ್ತೆ, ಓನರ್‌ಗೆ ತೊಡೆ ಬಂದಿದೆ ಅಂತ ಕಂಡಿದ್ದು ಅದೇ. ಮೆಟಬಾಲಿಕ್ ಬೋನ್ ಡಿಸೀಸ್. ಈ ಸ್ಥಿತಿಗೆ ಬರೋಕೆ ತಿಂಗಳುಗಟ್ಟಲೆ ಬೇಕು, ಅಷ್ಟೂ ತಿಂಗಳು ಆ ಪ್ರಾಣಿ ಚೆನ್ನಾಗೇ ತಿಂತಾ ಇತ್ತು.

ಕಾರಣ ಕೇಳಿದ್ರೆ ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಒಂದೇ. ತಿನ್ನೋಕೆ ಸೌತೆಕಾಯಿ, ಲೆಟ್ಯೂಸ್, ಯಾರೋ ಹೇಳಿದ್ರು ಅಂತ ಮೊಟ್ಟೆ ಅಥವಾ ಡಾಗ್ ಫುಡ್, ಅದು ಅಪ್ಪಟ ಸೊಪ್ಪು ತಿನ್ನೋ ಪ್ರಾಣಿ ಅನ್ನೋದೇ ಗೊತ್ತಿರಲ್ಲ. ಬಲ್ಬ್ ಇದೆಯಾ ಅಂದ್ರೆ ಇದೆ ಅಂತಾರೆ, ನೋಡಿದ್ರೆ ಬಿಸಿ ಕೊಡೋ ಬಲ್ಬ್ ಮಾತ್ರ. ಇಲ್ಲಾ ಯುವಿಬಿ (ಮೈಯಲ್ಲಿ ವಿಟಮಿನ್ ಡಿ ಆಗೋಕೆ ಬೇಕಾದ, ಬಿಸಿಲಲ್ಲಿರೋ ಕಿರಣ) ಬಲ್ಬೇ ಇರತ್ತೆ ಆದ್ರೆ ಎರಡು ವರ್ಷದ ಹಳೇದು. ಬೆಳಕು ಬರ್ತಾನೇ ಇರತ್ತೆ, ಯುವಿಬಿ ಯಾವಾಗ್ಲೋ ಇಳಿದು ಹೋಗಿರತ್ತೆ, ಅದಕ್ಕೇ ಆರು ತಿಂಗಳಿಂದ ವರ್ಷದೊಳಗೆ ಬದಲಾಯಿಸಿ ಅನ್ನೋದು. ಇನ್ನು ಕೆಲವರು ಕಿಟಕಿ ಪಕ್ಕ ಇಟ್ಟಿದೀವಿ, ಬಿಸಿಲು ಬೀಳತ್ತೆ ಅಂತಾರೆ, ಗಾಜು ಯುವಿಬಿನ ಒಳಗೆ ಬಿಡಲ್ಲ ಅನ್ನೋದು ನಮ್ಮ ಹುಡುಗರಿಗೂ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಬೆಂಗಳೂರಲ್ಲಿ ಬೆಳಗಿನ ಬಿಸಿಲು ಬಿಟ್ಟಿ ಸಿಗತ್ತೆ ರೀ, ಟೆರೇಸ್ ಮೇಲೆ ಜಾಲರಿ ಪಂಜರದಲ್ಲಿ ಅರ್ಧ ಭಾಗ ನೆರಳು ಮಾಡಿ ಇಟ್ರೆ ಸಾವಿರಾರು ರೂಪಾಯಿ ಬಲ್ಬಿಗಿಂತ ಒಳ್ಳೇದು.

ಇದನ್ನ ಇಷ್ಟು ಉದ್ದ ಬರೆದಿದ್ದಕ್ಕೆ ಕಾರಣ ಇದೆ. ಎಕ್ಸಾಟಿಕ್ಸ್‌ನಲ್ಲಿ ನಾವು ನೋಡೋ ಕಾಯಿಲೆಗಳಲ್ಲಿ ಬಹುಪಾಲು ಸಾಕಾಣಿಕೆಯಿಂದ ಬರೋವು, ಅಂದ್ರೆ ವೆಲ್ಫೇರ್ ಬೇರೆ ಟ್ರೀಟ್‌ಮೆಂಟ್ ಬೇರೆ ಅಲ್ಲ, ಒಂದೇ ವಿಷಯ. ವರ್ಷಗಟ್ಟಲೆ ಬರೀ ಸೂರ್ಯಕಾಂತಿ ಬೀಜ ತಿನ್ನೋ ಗಿಳಿಗೆ ವಿಟಮಿನ್ ಎ ಕಮ್ಮಿ ಆಗಿ ಮೂಗು ಕಟ್ಟತ್ತೆ, ಬಾಯೊಳಗೆ ಬಿಳಿ ಗಂಟು ಬರತ್ತೆ, ಓನರ್‌ಗೆ ಕಾಣೋದು ಅದು ಖುಷಿಯಾಗಿ ಬೀಜ ಒಡೆಯೋದು ಮಾತ್ರ. ಮೊಲಕ್ಕೆ ಕ್ಯಾರೆಟ್, ಪೆಲೆಟ್ ಹಾಕಿ ಹುಲ್ಲು ಹಾಕದೇ ಇದ್ರೆ, ಅದರ ಹಲ್ಲು ಜೀವನಪೂರ್ತಿ ಬೆಳೀತಾ ಇರೋದ್ರಿಂದ ಸವೆಯೋಕೆ ಕೆಲಸ ಇಲ್ಲದೆ ಹಿಂದಿನ ಹಲ್ಲಿನ ಮೊನೆ ನಾಲಿಗೆಗೆ ಕೆನ್ನೆಗೆ ಚುಚ್ಚತ್ತೆ. ಶುಗರ್ ಗ್ಲೈಡರ್ ಅಂತೂ ಗುಂಪಲ್ಲಿ ಬದುಕೋ ರಾತ್ರಿ ಪ್ರಾಣಿ, ಅದನ್ನ ಒಂದೇ ಒಂದು ತಂದು ಹಗಲೆಲ್ಲ ಜೇಬಲ್ಲಿಟ್ಕೊಂಡು ಓಡಾಡಿ, ಬರೀ ಹಣ್ಣು ತಿನ್ನಿಸಿ, ಕೊನೆಗೆ ಹಿಂಗಾಲಿನ ಸ್ವಾಧೀನ ತಪ್ಪಿದೆ ಅಂತ ತರ್ತಾರೆ, ಅಲ್ಲೂ ಕ್ಯಾಲ್ಸಿಯಂ ಕಥೆನೇ.

ಇನ್ನು ನಿಮಗೆ ಗೊತ್ತಿರೋದು ಸಾಕಾ ಅಂದ್ರಲ್ಲ. ಸಾಲಲ್ಲ, ಆದ್ರೆ ನೀವು ಅಂದ್ಕೊಂಡಿರೋದಕ್ಕಿಂತ ಜಾಸ್ತಿ ಗೊತ್ತಿದೆ. ಸಿಲಬಸ್ಸಲ್ಲಿ ಝೂ ಪ್ರಾಣಿ, ಕಾಡುಪ್ರಾಣಿ ಪಾಠ ಇದೆ, ವೆಲ್ಫೇರ್ ಪಾಠ ಇದೆ, ಲ್ಯಾಬ್ ಅನಿಮಲ್ಸ್ ಅಂತ ಮೊಲ, ಗಿನಿ ಪಿಗ್ ಬಂದು ಹೋಗತ್ತೆ. ತಮಾಷೆ ಏನಂದ್ರೆ ಮೊಲದ ಗರ್ಭಾವಧಿ ಎಷ್ಟು ಅಂದ್ರೆ ಮೂವತ್ತೊಂದು ದಿನ ಅಂತ ಥಟ್ಟಂತ ಹೇಳ್ತಾರೆ, ನೋವಾದ ಮೊಲ ಹೇಗೆ ಕೂರತ್ತೆ ಅಂದ್ರೆ ಸುಮ್ಮನಾಗ್ತಾರೆ. ಆದ್ರೂ ಯೋಚನೆ ಮಾಡಿ, ಕರು ಹಾಕಿದ ಹಸುಗೆ ಮಿಲ್ಕ್ ಫೀವರ್ (ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯೋದು) ಯಾಕೆ ಬರತ್ತೆ ಅಂತ ನಿಮಗೆ ಗೊತ್ತು, ಕ್ಯಾಲ್ಸಿಯಂ, ಫಾಸ್ಫರಸ್, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಎಲ್ಲ ಬಾಯಿಪಾಠ, ಇಗ್ವಾನಾ ಮೂಳೆ ಅರ್ಥ ಮಾಡ್ಕೊಳೋಕೆ ಬೇಕಾಗಿರೋದೂ ಅದೇ. ಕುದುರೆ ಕೋಲಿಕ್ (ಹೊಟ್ಟೆನೋವು) ಓದಿದೀರ, ಸೀಕಂನಲ್ಲಿ (ದೊಡ್ಡ ಕರುಳಿನ ಶುರುವಿನ ಚೀಲ) ಹುಳಿ ಬರಿಸಿಕೊಂಡು ಜೀರ್ಣ ಮಾಡೋ ಪ್ರಾಣಿಯ ಕರುಳು ನಿಂತ್ರೆ ಏನಾಗತ್ತೆ ಅಂತ ಗೊತ್ತು, ಮೊಲದ ಗಟ್ ಸ್ಟೇಸಿಸ್ (ಕರುಳು ನಿಂತು ಹೋಗೋದು) ಅದರ ಹತ್ತಿರದ ನೆಂಟ. ಪೌಲ್ಟ್ರಿಯಲ್ಲಿ ಏರ್ ಸ್ಯಾಕ್ (ಹಕ್ಕಿ ಉಸಿರಾಟದ ಗಾಳಿ ಚೀಲ) ನೋಡಿದೀರ, ಮೊಟ್ಟೆ ಸಿಕ್ಕಿಕೊಂಡ ಕೋಳಿ ನೋಡಿದೀರ, ಕಾಕಟೀಲ್ ಅನ್ನೋ ಜುಟ್ಟಿನ ಗಿಳಿ ಅದರ ಮುಂದಿನ ಅಧ್ಯಾಯ. ಎಕ್ಸಾಟಿಕ್ ಅಂದ ತಕ್ಷಣ ಇದೇನೋ ಬೇರೆ ಲೋಕ ಅಂತ ಕೈ ಕಟ್ಟಿ ನಿಲ್ಲೋದಿದೆಯಲ್ಲ, ಅದೇ ಮೊದಲ ತೊಂದರೆ.

ಎರಡನೇ ತೊಂದರೆ ಇದಕ್ಕೆ ಉಲ್ಟಾ, ನಾಯಿಗೆ ಮಾಡಿದ್ದನ್ನೇ ಇದಕ್ಕೂ ಮಾಡೋದು. ಇಲ್ಲಿ ಮಾತ್ರ ತುಂಬಾ ಹುಷಾರು, ಯಾಕಂದ್ರೆ ಇಲ್ಲಿ ಒಳ್ಳೆ ಮನಸ್ಸಿಂದ ಪ್ರಾಣಿ ಸಾಯತ್ತೆ. ಮೊಲಕ್ಕೂ ಗಿನಿ ಪಿಗ್‌ಗೂ ಅಮಾಕ್ಸಿಸಿಲಿನ್ ಬಾಯಿಗೆ ಹಾಕಬಾರದು, ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರಿಡಿಯಂ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಎದ್ದು ಕೂರತ್ತೆ. ಹುಳಕ್ಕೆ ಅಂತ ಆಮೆಗೆ ಐವರ್‌ಮೆಕ್ಟಿನ್ ಕೊಡಬಾರದು. ನಾಯಿ ಉಣ್ಣಿಗೆ ಹಾಕೋ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ಬೇಡ. ಆಪರೇಷನ್ ಇದೆ ಅಂತ ಮೊಲನ ರಾತ್ರಿಯೆಲ್ಲ ಉಪವಾಸ ಕೆಡವಬಾರದು, ಅದಕ್ಕೆ ವಾಂತಿನೇ ಬರಲ್ಲ, ಹೊಟ್ಟೆ ಖಾಲಿ ಬಿಟ್ರೆ ಕರುಳು ನಿಲ್ಲತ್ತೆ, ಅರ್ಧ ದಿನ ತಿನ್ನದ ಮೊಲ ಅಂದ್ರೆ ಎಮರ್ಜೆನ್ಸಿ ಅಂತಲೇ ತಿಳ್ಕೊಳಿ. ಹಕ್ಕಿ ಹಿಡಿಯುವಾಗ ಎದೆ ಒತ್ತಿ ಹಿಡಿದ್ರೆ ಉಸಿರು ನಿಲ್ಲತ್ತೆ, ನಮ್ಮ ಹಾಗೆ ಅದಕ್ಕೆ ವಪೆ ಇಲ್ಲ, ಎದೆಗೂಡು ಆಡಿದ್ರೇನೇ ಗಾಳಿ ಆಡೋದು, ಕುತ್ತಿಗೆ ಹಿಡೀರಿ, ಎದೆ ಬಿಡಿ. ಗಿಳಿ ಇರೋ ಮನೆಯಲ್ಲಿ ನಾನ್‌ಸ್ಟಿಕ್ ತವಾ ಒಲೆ ಮೇಲೆ ಮರೆತು ಕಾದು ಹೊಗೆ ಬಂದ್ರೆ ಆ ಹೊಗೆಗೇ ಹಕ್ಕಿ ಸಾಯತ್ತೆ, ಇದನ್ನ ದೋಸೆ ಹುಯ್ಯೋ ನಮ್ಮೂರಿನ ಪ್ರತಿ ಗಿಳಿ ಓನರ್‌ಗೂ ಹೇಳ್ಬೇಕು, ಆದ್ರೆ ಯಾರೂ ಹೇಳಲ್ಲ.

ನೆಮ್ಮದಿಯಾಗಿದೆಯಾ ಅಂತ ಹೇಗೆ ಹೇಳೋದು ಅಂದ್ರಿ. ನಿಮಗೆ ಪಾಠದಲ್ಲಿ ಫೈವ್ ಫ್ರೀಡಮ್ಸ್, ಅಂದ್ರೆ ಪ್ರಾಣಿಗೆ ಇರ್ಬೇಕಾದ ಐದು ಸ್ವಾತಂತ್ರ್ಯ ಹೇಳಿಕೊಟ್ಟಿರ್ತಾರೆ. ಅದರ ಮೂಲ ಬ್ರಿಟನ್ನಿನ 1965ರ ಬ್ರಾಂಬೆಲ್ ವರದಿ, ಅದು ಬಂದಿದ್ದೇ ಫಾರ್ಮ್ ಪ್ರಾಣಿಗಳಿಗೋಸ್ಕರ. ಹಸಿವು ಬಾಯಾರಿಕೆ, ಗಾಯ ಕಾಯಿಲೆ ಇವನ್ನ ನಾವು ಬೇಗ ಟಿಕ್ ಹಾಕ್ತೀವಿ. ಸ್ಟೂಡೆಂಟ್ಸ್ ಎಡವೋದು ಸಹಜ ನಡವಳಿಕೆ ಅನ್ನೋ ಜಾಗದಲ್ಲಿ, ಯಾಕಂದ್ರೆ ಆ ಜಾತಿಗೆ ಸಹಜ ಏನು ಅಂತ ಓದಿರಲ್ಲ. ನಾನು ಇಂಟರ್ನ್‌ಗಳಿಗೆ ಹೇಳೋದು, ಪ್ರಾಣಿನ ಮುಟ್ಟೋಕೆ ಮುಂಚೆ ಅದರ ಮನೆ ಫೋಟೋ ಕೇಳಿ. ಎಲ್ಲರ ಫೋನಲ್ಲೂ ಇರತ್ತೆ, ರೀಲ್ಸ್ ಮಾಡಿರ್ತಾರೆ. ಆ ಫೋಟೋದಲ್ಲಿ ಅಡಗಿಕೊಳ್ಳೋಕೆ ಜಾಗ ಇದೆಯಾ, ಒಂದು ಕಡೆ ಬಿಸಿ ಇನ್ನೊಂದು ಕಡೆ ತಂಪು ಇದೆಯಾ, ಹತ್ತೋ ಪ್ರಾಣಿಗೆ ಎತ್ತರ ಇದೆಯಾ, ತೋಡೋ ಪ್ರಾಣಿಗೆ ಮಣ್ಣು ಇದೆಯಾ, ಹಾವು ಮೈ ಪೂರ್ತಿ ಚಾಚಿ ಮಲಗೋಕಾಗತ್ತಾ ಅಂತ ನೋಡಿ. ಹಾವಿಗೆ ಅಷ್ಟು ಜಾಗ ಬೇಡ, ಡಬ್ಬಿ ಸಾಕು, ಜಾಸ್ತಿ ಜಾಗ ಕೊಟ್ರೆ ಹೆದರತ್ತೆ ಅಂತ ಸಾಕೋರಲ್ಲಿ ಒಂದು ಮಾತಿದೆ, ನಾನು ಒಪ್ಪಲ್ಲ, ಹೆದರೋದು ಜಾಗ ಜಾಸ್ತಿ ಇದೆ ಅಂತಲ್ಲ, ಆ ಜಾಗದಲ್ಲಿ ಅವಿತುಕೊಳ್ಳೋಕೆ ಏನೂ ಇಲ್ಲ ಅಂತ.

ಆಮೇಲೆ ಪ್ರಾಣಿ ಮೈ ನೋಡಿ. ಇಗ್ವಾನಾ ಮೂಗಿನ ತುದಿ ತರಚಿ ಚರ್ಮ ಹೋಗಿದೆಯಾ? ಅದು ಗಾಜಿಗೆ ದಿನವಿಡೀ ಮೂಗು ಉಜ್ಜಿ ಉಜ್ಜಿ ಆಗೋದು, ಗಾಜು ಅನ್ನೋದು ಅದಕ್ಕೆ ಅರ್ಥ ಆಗಲ್ಲ, ಆಚೆ ಜಾಗ ಕಾಣತ್ತೆ ಆದ್ರೆ ಹೋಗೋಕಾಗ್ತಿಲ್ಲ ಅಷ್ಟೇ. ಓನರ್ಸ್ ಇದನ್ನ ಆಟ ಆಡ್ತಿದೆ, ನನ್ನ ಹತ್ರ ಬರೋಕೆ ನೋಡ್ತಿದೆ ಅಂತಾರೆ. ಗಿಳಿಯಲ್ಲಿ ತಲೆ ಮೇಲಿನ ಪುಕ್ಕ ಚೆನ್ನಾಗಿದ್ದು ಎದೆ ಹೊಟ್ಟೆ ಬೋಳಾಗಿದ್ರೆ ತಾನೇ ಕಿತ್ತಿರೋದು, ತಲೆಗೆ ಕೊಕ್ಕು ಎಟಕಲ್ಲ. ಮತ್ತೆ ಇವೆಲ್ಲ ಬೇಟೆಗೆ ಸಿಕ್ಕೋ ಪ್ರಾಣಿಗಳು, ಕಾಯಿಲೆನ ಕೊನೆವರೆಗೂ ಮುಚ್ಚಿಡುತ್ವೆ, ಅದಕ್ಕೇ ಗ್ರಾಂ ಲೆಕ್ಕದ ತಕ್ಕಡಿ ಬೇಕೇ ಬೇಕು. ಮೂವತ್ತೈದು ಗ್ರಾಂ ತೂಗೋ ಬಜ್ಜಿ (ಬಜರಿಗರ್ ಅನ್ನೋ ಪುಟ್ಟ ಗಿಳಿ) ಮೂರೂವರೆ ಗ್ರಾಂ ಕಳ್ಕೊಂಡ್ರೆ ನಿಮ್ಮ ಕಣ್ಣಿಗೆ ಕಾಣಲ್ಲ, ಅದು ಮೈ ತೂಕದ ಹತ್ತು ಪರ್ಸೆಂಟ್.

ಬ್ಯಾನ್ ವಿಷಯಕ್ಕೆ ನನ್ನ ಅಭಿಪ್ರಾಯ ಕೇಳಿದ್ರೆ, ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟೋಕೆ ಬರಲ್ಲ. ಇಲ್ಲೇ ಹುಟ್ಟಿ ಬೆಳೆದ ಮೊಲ, ಗಿನಿ ಪಿಗ್, ಬಜ್ಜಿ, ಕಾಕಟೀಲ್ ಇವನ್ನ ಸಾಮಾನ್ಯ ಮನೆಯಲ್ಲಿ ಜೋಡಿಯಾಗಿ ಚೆನ್ನಾಗಿ ಸಾಕ್ಬೋದು. ಇಗ್ವಾನಾ, ದೊಡ್ಡ ಗಿಳಿ, ಶುಗರ್ ಗ್ಲೈಡರ್‌ಗೆ ಬೇಕಾಗಿರೋದನ್ನ ಟೂ ಬಿಎಚ್‌ಕೆಯಲ್ಲಿ ಕೊಡೋರು ಇದಾರೆ, ಆದ್ರೆ ತೀರಾ ಕಮ್ಮಿ. ಮಾರ್ಮೊಸೆಟ್ ಥರದ ಕೋತಿಗಳನ್ನ ಯಾರೂ ಮನೆಯಲ್ಲಿ ಇಟ್ಕೋಬಾರದು, ಇದರಲ್ಲಿ ನನಗೆ ಅನುಮಾನನೇ ಇಲ್ಲ. ಮತ್ತೆ ನಿಮ್ಮ ಕ್ಲಾಸಿನ ವಾದದಲ್ಲಿ ಯಾರಾದ್ರೂ ಈ ಪ್ರಾಣಿ ಮನೆಗೆ ಬರೋ ತನಕ ಏನಾಯ್ತು ಅಂತ ಕೇಳಿದ್ರಾ? 2023ರ ಆಗಸ್ಟಲ್ಲಿ ಬೆಂಗಳೂರು ಏರ್‌ಪೋರ್ಟಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಟ್ರಾಲಿ ಬ್ಯಾಗಲ್ಲಿ ಕಸ್ಟಮ್ಸ್‌ನವರಿಗೆ 234 ಪ್ರಾಣಿ ಸಿಕ್ವು, ಹೆಬ್ಬಾವು, ಇಗ್ವಾನಾ, ಆಮೆ, ಊಸರವಳ್ಳಿ, ಒಂದು ಕಾಂಗರೂ ಮರಿ ಕೂಡ, ಪ್ಲಾಸ್ಟಿಕ್ ಡಬ್ಬಿಯೊಳಗೆ ಸತ್ತು ಹೋಗಿತ್ತು ಅದು. ಮನೆಯಲ್ಲಿ ಎಷ್ಟೇ ಚೆನ್ನಾಗಿ ತಿಂದ್ಕೊಂಡಿರಲಿ, ಬದುಕುಳಿದು ಬಂದ ಒಂದನ್ನ ನೋಡಿ ಲೆಕ್ಕ ಹಾಕಿದ್ರೆ ಲೆಕ್ಕ ತಪ್ಪತ್ತೆ.

ಪೇಪರ್ಸ್ ವಿಷಯ. ಮೊದಲು ಎರಡನ್ನ ಬೇರೆ ಮಾಡ್ಕೊಳಿ. ನಮ್ಮದೇ ಕಾಡಿನ ಪ್ರಾಣಿ ಎಕ್ಸಾಟಿಕ್ ಅಲ್ಲ. ನಕ್ಷತ್ರ ಆಮೆ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬಯಲಿನದ್ದು, ಈಗ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಆ ಶೆಡ್ಯೂಲಿನ ಪ್ರಾಣಿ ವಿಷಯದಲ್ಲಿ ಅಪರಾಧಕ್ಕೆ 3ರಿಂದ 7 ವರ್ಷ ಜೈಲು. ಕೆಂಪು ಕೊಕ್ಕಿನ ಹಸಿರು ಗಿಳಿ, ಅಜ್ಜಿ ಮನೆಯಲ್ಲಿತ್ತು, ಗಿಣಿಶಾಸ್ತ್ರದವನ ಹತ್ರ ಇದೆ ಅಂತ ಏನೇ ಹೇಳಲಿ, ಸಾಕೋ ಹಾಗಿಲ್ಲ. ಹೊರದೇಶದ ಪ್ರಾಣಿಗಳದ್ದು ಬೇರೆ ಲೆಕ್ಕ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋ ಜೀವಂತ ಪ್ರಾಣಿ ಇಟ್ಕೊಂಡೋರು ನೋಂದಣಿ ಮಾಡಿಸ್ಬೇಕು. ಅದರ ನಿಯಮ 2024ರ ಫೆಬ್ರವರಿ ಕೊನೆಗೆ ಬಂತು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕೋಕೆ ಆರು ತಿಂಗಳು ಟೈಮ್ ಕೊಟ್ಟಿದ್ರು. ಆಫ್ರಿಕನ್ ಗ್ರೇ, ಗ್ರೀನ್ ಇಗ್ವಾನಾ, ಬಾಲ್ ಪೈಥಾನ್ ಇದರೊಳಗೆ ಬರುತ್ವೆ, ಬಜ್ಜಿ, ಕಾಕಟೀಲ್, ಮೊಲ, ಶುಗರ್ ಗ್ಲೈಡರ್ ಆ ಪಟ್ಟಿಯಲ್ಲಿ ಇಲ್ಲ.

ಟ್ರೀಟ್ ಮಾಡ್ಬೋದಾ ಅಂದ್ರೆ, ಉಸಿರಾಡೋಕೆ ಒದ್ದಾಡ್ತಿರೋ ಪ್ರಾಣಿ ಮುಂದೆ ನಿಂತು ರಿಜಿಸ್ಟ್ರೇಷನ್ ತೋರಿಸಿ ಅನ್ನೋ ಡಾಕ್ಟರ್ ಆಗ್ಬೇಡಿ. ಬಿಸಿ, ಆಕ್ಸಿಜನ್, ನೋವಿಗೆ ಔಷಧಿ, ಫ್ಲೂಯಿಡ್ ಮೊದಲು. ಕೇಸ್ ಶೀಟಲ್ಲಿ ಯಾವ ಜಾತಿ, ಎಲ್ಲಿಂದ ಬಂತು ಅಂದ್ರು, ಪೇಪರ್ಸ್ ತೋರಿಸಿದ್ರಾ ಇಲ್ವಾ ಅಂತ ಇದ್ದದ್ದು ಇದ್ದ ಹಾಗೆ ಬರೀರಿ. ಆಮೇಲೆ ಕಾನೂನು ಹೀಗಿದೆ ಅಂತ ಓನರ್‌ಗೆ ಬಿಡಿಸಿ ಹೇಳಿ, ನಮ್ಮ ಕಾಡಿನ ಪ್ರಾಣಿ ಆಗಿದ್ರೆ ಅರಣ್ಯ ಇಲಾಖೆಗೆ ಒಪ್ಪಿಸೋದೇ ದಾರಿ, ಇಂಟರ್ನ್ ಆಗಿರುವಾಗ ಇಂಥ ಕೇಸನ್ನ ಸೀನಿಯರ್ ಗಮನಕ್ಕೆ ತರದೆ ನೀವೊಬ್ಬರೇ ತೀರ್ಮಾನ ಮಾಡೋಕೆ ಹೋಗ್ಬೇಡಿ. ಕದ್ದುಮುಚ್ಚಿ ಮಾರೋಕೆ ಹೆಲ್ತ್ ಸರ್ಟಿಫಿಕೇಟ್ ಬೇಕು ಅಂತ ಬರೋರೂ ಇರ್ತಾರೆ, ಅಲ್ಲಿ ಮಾತ್ರ ಸಹಿ ಹಾಕ್ಬೇಡಿ. ಕೆಂಪು ಕಿವಿ ಆಮೆ ದೊಡ್ಡದಾಯ್ತು, ಕೆರೆಗೆ ಬಿಟ್ಬಿಡ್ತೀವಿ ಅನ್ನೋರಿಗೆ ಸುತಾರಾಂ ಬೇಡ ಅನ್ನಿ, ಅಂಗೈಯಗಲ ಕೂಡ ಇಲ್ಲದ ಆ ಮರಿ ಬೆಳೆದ್ರೆ ಒಂದಡಿ ಹತ್ರ ಬರತ್ತೆ, ಮೂವತ್ತು ವರ್ಷ ಬದುಕತ್ತೆ, ನಮ್ಮ ಕೆರೆಯ ಆಮೆಗಳ ಊಟನೂ ಜಾಗನೂ ಕಿತ್ಕೊಳತ್ತೆ.

ಕೊನೆಗೆ ಈಗಿನಿಂದಲೇ ಮಾಡೋಕಾಗೋದು ಒಂದು ಹೇಳ್ತೀನಿ. ನೀವು ವೆಟರ್ನರಿ ಓದ್ತಿದೀರ ಅಂತ ಗೊತ್ತಾದ ತಕ್ಷಣ ನೆಂಟರು, ಫ್ರೆಂಡ್ಸ್, ಫ್ರೆಂಡ್ಸ್‌ನ ತಮ್ಮಂದಿರು ಎಲ್ಲ ಫೋನ್ ಮಾಡಿ ಇಗ್ವಾನಾ ತಗೋಬೋದಾ, ಯಾವ ಗಿಳಿ ಮಾತಾಡತ್ತೆ ಅಂತ ಕೇಳ್ತಾರೆ. ಡಿಗ್ರಿ ಬರೋಕೆ ಮುಂಚೆನೇ ನಿಮ್ಮ ಮಾತಿಗೆ ಬೆಲೆ ಇರೋ ಜಾಗ ಅದು, ಕ್ಲಿನಿಕ್ ಬಾಗಿಲಿಗೆ ಬರೋ ಹೊತ್ತಿಗೆ ಪ್ರಾಣಿ ಮನೆಗೆ ಬಂದು ಆಗಿರತ್ತೆ. ಬೇಡ ಅಂತ ಭಾಷಣ ಮಾಡಿದ್ರೆ ಫೋನ್ ಇಟ್ಟು ಅಂಗಡಿಯವನನ್ನ ಕೇಳ್ತಾರೆ. ಅದರ ಬದಲು ಲೆಕ್ಕ ಹೇಳಿ, ಪ್ರಾಣಿ ಬೆಲೆ ಹೋಗ್ಲಿ, ಯುವಿಬಿ ಬಲ್ಬ್ ಎಷ್ಟು, ಅದು ವರ್ಷಕ್ಕೆ ಎಷ್ಟು ಸಲ, ಬಾಲ ಸೇರಿ ಐದಡಿ ದಾಟೋ ಪ್ರಾಣಿಗೆ ಗೂಡು ಎಲ್ಲಿ ಇಡ್ತೀರ, ಊರಿಗೆ ಹೋದಾಗ ಯಾರು ನೋಡ್ಕೊಳ್ತಾರೆ, ನಿಮ್ಮೂರಲ್ಲಿ ಇದನ್ನ ನೋಡೋ ಡಾಕ್ಟರ್ ಯಾರು, ನೋಂದಣಿ ಪೇಪರ್ ಇವತ್ತೇ ಕೈಗೆ ಕೊಡ್ತಾರಾ. ಇಷ್ಟು ಕೇಳಿದ್ಮೇಲೆ ಸುಮಾರು ಜನ ಯೋಚನೆ ಮಾಡಿ ಹೇಳ್ತೀನಿ ಅಂತ ಫೋನ್ ಇಡ್ತಾರೆ, ಮತ್ತೆ ಮಾಡಲ್ಲ. ಮಾಡಿದೋರು ನಿಜವಾಗ್ಲೂ ಸಾಕೋಕೆ ರೆಡಿ ಇರೋರು, ಅವರಿಗೆ ಕೂತು ಹೇಳಿಕೊಡಿ.